ಗಪ್ಪಿ ಬಸುರಿಯೋ, ಹುಷಾರಿಲ್ಲವೋ? ಮೀನು ಸಾಕುವವರ ಗುಂಪಿನ ಪ್ರಶ್ನೋತ್ತರ

ಪ್ರಶ್ನೆ (ರಾಜಾಜಿನಗರದಿಂದ):
ಸರ್, ನಮಸ್ಕಾರ. ಮನೆಯಲ್ಲಿ ಎರಡು ಅಡಿಯ ಟ್ಯಾಂಕ್ ಇದೆ, ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಹೋದ ತಿಂಗಳು ಶಿವಾಜಿನಗರದ ಕಡೆಯಿಂದ ಗಪ್ಪಿ ತಂದೆವು. ಮೂರು ಹೆಣ್ಣು, ಎರಡು ಗಂಡು. ಈಗ ಎರಡು ಹೆಣ್ಣಿನ ಹೊಟ್ಟೆ ಚೆನ್ನಾಗಿ ಊದಿದೆ. ಹಳದಿ ಬಾಲದ್ದು ಆರಾಮಾಗಿ ಓಡಾಡಿಕೊಂಡಿದೆ. ಕಪ್ಪು ಬಾಲದ್ದು ಮಾತ್ರ ಎರಡು ದಿನದಿಂದ ಫಿಲ್ಟರ್ ಹಿಂದೆ ಮೂಲೆ ಸೇರಿದೆ. ಫುಡ್ ಹಾಕಿದರೂ ಬರುವುದಿಲ್ಲ. ನಮ್ಮ ಅತ್ತೆ ‘ಹೆರಿಗೆ ಹತ್ತಿರ ಬಂದಿದೆ, ಸುಮ್ನೆ ಬಿಡು’ ಅನ್ನುತ್ತಾರೆ. ಅಂಗಡಿಯವರು ನೀಲಿ ಔಷಧಿ, ಉಪ್ಪು ಎರಡನ್ನೂ ಹಾಕಿ ಅಂದರು. ಯಾರ ಮಾತು ಕೇಳಲಿ? ಮಗಳು ದಿನಾ ಬೆಳಗ್ಗೆ ಎದ್ದು ಮರಿ ಬಂತಾ ಅಂತ ನೋಡುತ್ತಾಳೆ.

ಉತ್ತರ:
ಮೇಡಂ, ಸದ್ಯಕ್ಕೆ ಅತ್ತೆಯವರ ಮಾತು ಕೇಳಿ, ಔಷಧಿ ಬಾಟಲಿ ಕೆಳಗಿಡಿ. ಹಾಗಂತ ಅವರು ಹೇಳಿದ್ದು ಪೂರ್ತಿ ಸರಿ ಅಂತಲ್ಲ.

ಬಸುರಿಯೋ ಕಾಯಿಲೆಯೋ ಅಂತ ಕೇಳಿದ್ದೀರಿ. ಗಪ್ಪಿ ವಿಷಯದಲ್ಲಿ ಎರಡೂ ಒಟ್ಟಿಗೆ ಇರಬಹುದು. ಗಂಡಿನ ಜೊತೆ ಬೆಳೆದ ಹೆಣ್ಣು ಗಪ್ಪಿ ಬಸುರಿ ಅಂತಲೇ ಇಟ್ಟುಕೊಳ್ಳಿ. ಅಂಗಡಿಯ ಟ್ಯಾಂಕಿನಲ್ಲಿ ಗಂಡು ಹೆಣ್ಣು ಸಾಮಾನ್ಯವಾಗಿ ಒಟ್ಟಿಗೇ ಇರುತ್ತವೆ. ಸಾಲದ್ದಕ್ಕೆ ಹೆಣ್ಣು ಗಪ್ಪಿ ಒಮ್ಮೆ ಕೂಡಿದರೆ ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಕಾಪಾಡಿಕೊಳ್ಳುತ್ತದೆ. ಆಮೇಲೆ ಗಂಡೇ ಇಲ್ಲದಿದ್ದರೂ ಹಲವು ಸಲ ಮರಿ ಹಾಕುತ್ತದೆ. ಆದ್ದರಿಂದ ಬಸುರಿ ಹೌದಾ ಅಲ್ವಾ ಅನ್ನುವುದು ದೊಡ್ಡ ಪ್ರಶ್ನೆಯೇ ಅಲ್ಲ. ಹುಷಾರಾಗಿದೆಯಾ ಇಲ್ವಾ ಅನ್ನುವುದನ್ನು ನೋಡಬೇಕು.

ಮೊದಲು ಪಕ್ಕದಿಂದ ನೋಡಿ. ಹೆಣ್ಣಿನ ಹೊಟ್ಟೆಯ ಹಿಂಭಾಗದಲ್ಲಿ, ಕೆಳಗಿನ ರೆಕ್ಕೆಗೆ ಸ್ವಲ್ಪ ಮೇಲೆ, ಒಂದು ಕಪ್ಪು ಮಚ್ಚೆ ಇರುತ್ತದೆ. ದಿನ ತುಂಬುತ್ತಾ ಬಂದ ಹಾಗೆ ಅದು ದೊಡ್ಡದಾಗಿ, ಗಾಢವಾಗುತ್ತದೆ. ತೆಳು ಬಣ್ಣದ ಮೀನಾದರೆ ಕೊನೆಯ ದಿನಗಳಲ್ಲಿ ಮರಿಗಳ ಕಣ್ಣು ಸಣ್ಣ ಚುಕ್ಕಿಗಳಾಗಿ ಕಾಣುವುದೂ ಉಂಟು. ಹೊಟ್ಟೆ ಬರೀ ಗುಂಡಗಿರುವುದಿಲ್ಲ. ಎದೆಯ ಹತ್ತಿರ ನೇರವಾಗಿ ಕೆಳಗಿಳಿದು ಚೌಕದ ಹಾಗೆ ಮೂಲೆ ಬರುತ್ತದೆ. ಹಾಗೆ ಕಂಡರೆ ಹೆರಿಗೆಗೆ ಹೆಚ್ಚು ದಿನ ಇಲ್ಲ.

ಆಮೇಲೆ ಮುಚ್ಚಳ ತೆಗೆದು ಮೇಲಿನಿಂದ ನೋಡಿ. ಇದನ್ನು ತುಂಬಾ ಜನ ಮಾಡುವುದೇ ಇಲ್ಲ. ಬಸುರಿ ಮೀನಿನ ಹುರುಪೆ ಮೈಗೆ ಅಂಟಿಕೊಂಡು ನುಣ್ಣಗೆ ಇರುತ್ತದೆ, ಹೊಟ್ಟೆ ಎರಡೂ ಕಡೆ ಒಂದೇ ಸಮ ಉಬ್ಬಿರುತ್ತದೆ. ಡ್ರಾಪ್ಸಿ ಬಂದ ಮೀನು ಮೇಲಿನಿಂದ ಸೀತಾಫಲದ ಮೈ ಥರ ಕಾಣುತ್ತದೆ, ಒಂದೊಂದು ಹುರುಪೆಯೂ ಎದ್ದು ನಿಂತಿರುತ್ತದೆ. ಕಣ್ಣೂ ಹೊರಗೆ ಬಂದಿರಬಹುದು. ಮೂತ್ರಪಿಂಡ ಕೆಲಸ ಬಿಟ್ಟು ಮೈಯಲ್ಲಿ ನೀರು ತುಂಬಿದಾಗ ಹೀಗಾಗುತ್ತದೆ. ಹುರುಪೆ ಪೂರ್ತಿ ಎದ್ದ ಮೇಲೆ ಉಳಿಯುವುದು ಅಪರೂಪ, ಸುಳ್ಳು ಭರವಸೆ ಕೊಡುವುದಿಲ್ಲ. ಒಂದು ಪಕ್ಕ ಮಾತ್ರ ಉಬ್ಬಿದ್ದರೆ ಗಡ್ಡೆ ಇರಬಹುದು.

ಇನ್ನು ಮೂಲೆ ಸೇರುವುದು, ಊಟ ಬಿಡುವುದು. ಕಷ್ಟ ಇರುವುದು ಇಲ್ಲೇ. ಮರಿ ಹಾಕುವ ಮುಂಚೆಯೂ ಹೀಗೇ ಮಾಡುತ್ತದೆ, ಕಾಯಿಲೆಯಲ್ಲೂ ಹೀಗೇ ಮಾಡುತ್ತದೆ. ಹೆರಿಗೆಯದ್ದಾದರೆ ಸಾಮಾನ್ಯವಾಗಿ ಕೆಲವು ಗಂಟೆ, ಹೆಚ್ಚೆಂದರೆ ಒಂದು ದಿನ. ರೆಕ್ಕೆ ಬಿಚ್ಚಿಕೊಂಡೇ ಇರುತ್ತದೆ. ನಿಮ್ಮದು ಎರಡು ದಿನ ಆಗಿದೆ, ಅದಕ್ಕೇ ಅತ್ತೆಯವರ ಮಾತನ್ನು ಪೂರ್ತಿ ಒಪ್ಪಲಿಲ್ಲ.

ನನಗೆ ಇಷ್ಟು ತಿಳಿಸಿ: ರೆಕ್ಕೆ ಮೈಗೆ ಮುದುರಿಕೊಂಡಿದೆಯಾ? ಕಕ್ಕ ಯಾವ ಬಣ್ಣ? ನೀರು ಯಾವುದು, ಯಾವಾಗ ಬದಲಾಯಿಸಿದಿರಿ, ಎಷ್ಟು? ಫಿಲ್ಟರ್ ತೊಳೆದಿರಾ? ಥರ್ಮಾಮೀಟರ್ ಇದೆಯಾ?

ಪ್ರಶ್ನೆ (ರಾಜಾಜಿನಗರದಿಂದಲೇ):
ಮೇಲಿನಿಂದ ನೋಡಿದೆ ಸರ್, ಹುರುಪೆ ಎದ್ದಿಲ್ಲ. ರೆಕ್ಕೆ ಮುದುರಿದೆ. ಉಸಿರಾಟವೂ ಜೋರಾಗಿದೆ ಅನ್ನಿಸುತ್ತದೆ. ಒಂದು ಗಂಡೂ ಮೇಲುಗಡೆಯೇ ತೇಲಿಕೊಂಡಿದೆ, ಇದನ್ನು ಈಗಲೇ ಗಮನಿಸಿದ್ದು. ಭಾನುವಾರ ಪೂರ್ತಿ ನೀರು ತೆಗೆದು ಕ್ಲೀನ್ ಮಾಡಿದೆವು. ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ಹಿಂಡಿ ಹಿಂಡಿ ತೊಳೆದೆ. ನಮ್ಮ ಸಂಪಿನಲ್ಲಿ ಕಾವೇರಿ, ಬೋರ್‌ವೆಲ್ ಎರಡೂ ಸೇರುತ್ತದೆ. ಥರ್ಮಾಮೀಟರ್ 20 ತೋರಿಸುತ್ತಿದೆ. ಹೀಟರ್ ಇಲ್ಲ. ದಿನಕ್ಕೆ ಮೂರು ಹೊತ್ತು ಫುಡ್ ಹಾಕುತ್ತೇವೆ.

ಉತ್ತರ:
ಕಾರಣ ಬಹುಶಃ ಸಿಕ್ಕಿತು ಮೇಡಂ. ಮೀನಿಗಿಂತ ಮೊದಲು ನೀರಿಗೆ ಹುಷಾರಿಲ್ಲ.

ಮೀನಿನ ಕಕ್ಕ, ಉಳಿದ ಫುಡ್ ಎಲ್ಲ ಕೊಳೆತು ಅಮೋನಿಯಾ ಆಗುತ್ತದೆ. ಮೀನು ಕಿವಿರಿನಿಂದಲೂ ಅಮೋನಿಯಾ ಬಿಡುತ್ತದೆ. ಅದನ್ನು ತಿಂದು ಅಪಾಯ ಕಡಿಮೆ ಮಾಡುವ ಬ್ಯಾಕ್ಟೀರಿಯಾಗಳ ಮನೆ ಆ ಸ್ಪಂಜು. ನಲ್ಲಿ ನೀರಿನ ಕ್ಲೋರಿನ್ ಅವುಗಳನ್ನು ಕೊಲ್ಲುತ್ತದೆ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ ಪೈಪಿನಲ್ಲಿ ಬರಬೇಕು, ಹಾಗಾಗಿ ಕ್ಲೋರಿನ್ ಹಾಕಿಯೇ ಕಳಿಸುತ್ತಾರೆ. ನಮಗೆ ಅದು ಬೇಕು, ಮೀನಿಗೆ ಬೇಡ. ಬೋರ್‌ವೆಲ್ ನೀರಿನ ಗಡಸುತನಕ್ಕೆ ಗಪ್ಪಿ ಅಂಜುವುದಿಲ್ಲ. ನಿಜ ಹೇಳಬೇಕಂದರೆ ಬರೀ ಆರ್‌ಒ ನೀರಿಗಿಂತ ಅದೇ ಮೇಲು. ಆದರೆ ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, ಜಾಸ್ತಿ ಇರುವ ನೀರಿನಲ್ಲಿ ಅಮೋನಿಯಾದ ವಿಷ ಏರುತ್ತದೆ. ಪಿಎಚ್ 7ರಿಂದ 8ಕ್ಕೆ ಹೋದರೆ ಅದರ ವಿಷದ ಭಾಗ ಸುಮಾರು ಹತ್ತು ಪಟ್ಟು. ಗಂಡೂ ಮೇಲೆ ತೇಲುತ್ತಿದೆ ಅಂದಿರಲ್ಲ, ಅದು ದೊಡ್ಡ ಸುಳಿವು. ಹೆರಿಗೆ ನೋವು ಗಂಡಿಗೆ ಬರುವುದಿಲ್ಲ. ಒಂದಕ್ಕಿಂತ ಹೆಚ್ಚು ಮೀನು ಒಟ್ಟಿಗೆ ಸಪ್ಪಗಾದರೆ ನೀರನ್ನೇ ಮೊದಲು ಅನುಮಾನಿಸಿ.

ಇವತ್ತೇ ಮೂರನೇ ಒಂದು ಭಾಗ ನೀರು ಬದಲಾಯಿಸಿ. ಪೂರ್ತಿ ಬೇಡ. ಹೊಸ ನೀರಿಗೆ ಆ್ಯಂಟಿ ಕ್ಲೋರಿನ್ ಹನಿ ಹಾಕಿ, ಬಾಟಲಿ ಮೇಲೆ ಬರೆದ ಅಳತೆಯಷ್ಟೇ. ಟ್ಯಾಂಕಿನ ನೀರಿನಷ್ಟೇ ಬೆಚ್ಚಗಿರಲಿ. ನಾಲ್ಕೈದು ದಿನ ದಿನಾ ಹೀಗೆ ಮಾಡಿ. ಏರ್ ಪಂಪ್ ಹಗಲೂ ರಾತ್ರಿ ಓಡಲಿ. ಒಂದು ದಿನ ಫುಡ್ ಬಂದ್. ಆಮೇಲೆ ದಿನಕ್ಕೆ ಒಂದೋ ಎರಡೋ ಸಲ, ಒಂದು ನಿಮಿಷದಲ್ಲಿ ಖಾಲಿಯಾಗುವಷ್ಟು ಸಾಕು. ಅಕ್ವೇರಿಯಂ ಇಟ್ಟಿರುವ ಪರಿಚಯದವರು ಯಾರಾದರೂ ಇದ್ದರೆ, ಅವರ ಮೀನು ಚೆನ್ನಾಗಿದ್ದರೆ, ಅವರ ಹಳೇ ಸ್ಪಂಜಿನ ಒಂದು ತುಂಡು ತಂದು ನಿಮ್ಮ ಫಿಲ್ಟರಿನಲ್ಲಿಡಿ. ಎಷ್ಟೋ ಔಷಧಿಗಿಂತ ಅದು ಮೇಲು. ಮುಂದೆ ಸ್ಪಂಜು ತೊಳೆಯುವಾಗ ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿ. ಅಮೋನಿಯಾ ಟೆಸ್ಟ್ ಕಿಟ್ ಒಂದು ತನ್ನಿ, ಸೊನ್ನೆ ತೋರಿಸಬೇಕು.

ಡಿಸೆಂಬರ್ ಜನವರಿಯ ನಮ್ಮ ಬೆಂಗಳೂರಿನ ರಾತ್ರಿಗೆ 50 ವ್ಯಾಟಿನ ಹೀಟರ್ ಬೇಕೇ ಬೇಕು. 25ರ ಆಸುಪಾಸು ಇಡಿ, ಆದರೆ ದಿನಕ್ಕೆ ಒಂದೆರಡು ಡಿಗ್ರಿಯಂತೆ ಏರಿಸಿ. ತಣ್ಣನೆ ನೀರಿನಲ್ಲಿ ಮೀನಿಗೆ ಜೀರ್ಣ ನಿಧಾನ, ಬಸುರೂ ನಿಧಾನ. ಬೆಚ್ಚಗಿದ್ದರೆ ಸುಮಾರು ನಾಲ್ಕು ವಾರಕ್ಕೆ ಮರಿ ಹಾಕುವ ಮೀನು ಚಳಿಯಲ್ಲಿ ಐದು ವಾರ ತೆಗೆದುಕೊಳ್ಳಬಹುದು.

ನೀಲಿ ಔಷಧಿ, ಅಂದರೆ ಮೆಥಿಲೀನ್ ಬ್ಲೂ, ಈ ಟ್ಯಾಂಕಿಗೆ ಹಾಕಲೇಬೇಡಿ. ಅಳಿದುಳಿದ ಬ್ಯಾಕ್ಟೀರಿಯಾವೂ ಅದರಿಂದ ಹೋಗುತ್ತದೆ. ಕಾಯಿಲೆ ಯಾವುದು ಅಂತ ಗೊತ್ತಿಲ್ಲದೆ ಬಾಟಲಿ ಮಾರುವುದು ನನಗಂತೂ ಸರಿ ಕಾಣುವುದಿಲ್ಲ.

ಪ್ರಶ್ನೆ (ಮಲ್ಲೇಶ್ವರದಿಂದ):
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಗಂಡು ಗಪ್ಪಿಗೇ ಹೊಟ್ಟೆ ಬಂದಿದೆ! ಕಕ್ಕ ಬಿಳಿ ದಾರದ ಹಾಗೆ ನೇತಾಡುತ್ತದೆ. ಅರಿಶಿನ ಹಾಕಿದರೆ ಒಳ್ಳೆಯದು ಅಂತ ಯಾರೋ ಹೇಳಿದರು.

ಉತ್ತರ:
ಗಂಡಿಗೆ ಹೊಟ್ಟೆ ಬಂದರೆ ಅನುಮಾನಕ್ಕೆ ಜಾಗವೇ ಇಲ್ಲ, ಅದು ತೊಂದರೆಯೇ. ಮೊದಲು ಅದು ಗಂಡೇ ಹೌದಾ ನೋಡಿ. ಹೊಟ್ಟೆಯ ಕೆಳಗಿನ ರೆಕ್ಕೆ ಗಂಡಿಗೆ ಕಡ್ಡಿಯ ಹಾಗೆ ಚೂಪಾಗಿರುತ್ತದೆ, ಹೆಣ್ಣಿಗೆ ಅಗಲವಾಗಿ ಬಿಚ್ಚಿಕೊಂಡಿರುತ್ತದೆ. ಬಾಲದ ಬಣ್ಣ ನೋಡಿ ಹೇಳಬೇಡಿ, ಈಗ ಬಣ್ಣದ ಹೆಣ್ಣುಗಳೂ ಬರುತ್ತವೆ.

ಚೂಟಿಯಾಗಿದ್ದು ಹೊಟ್ಟೆ ಮಾತ್ರ ಊದಿದ್ದರೆ ಅಜೀರ್ಣ ಇರಬಹುದು. ಎರಡು ದಿನ ಉಪವಾಸ. ಆಮೇಲೆ ಬಟಾಣಿ ಬೇಯಿಸಿ, ಸಿಪ್ಪೆ ಸುಲಿದು, ಒಳಗಿನ ಹಿಟ್ಟನ್ನು ಸಾಸಿವೆಯಷ್ಟು ಕೊಡಿ. ಬಿಳಿ ದಾರದಂಥ ಕಕ್ಕ ಒಂದೆರಡು ಸಲ ಬಂದರೆ ಹೊಟ್ಟೆ ಖಾಲಿ ಇದೆ ಅಂತಲೂ ಇರಬಹುದು. ವಾರಗಟ್ಟಲೆ ಅದೇ ಆಗಿ, ತಿಂದರೂ ಬೆನ್ನು ಒಣಗುತ್ತಾ ಹೋದರೆ ಒಳಗೆ ಪರಾವಲಂಬಿ ಇದೆ ಅಂತ ಅನುಮಾನಿಸಬೇಕು. ಅರಿಶಿನ ಸಾರಿಗೆ ಹಾಕಿ ಸ್ವಾಮಿ. ಟ್ಯಾಂಕಿನಲ್ಲಿ ಅದು ಕರಗದೆ ತಳದಲ್ಲಿ ಕೂತು ನೀರು ಕೆಡಿಸುತ್ತದೆ.

ಪ್ರಶ್ನೆ (ಯಲಹಂಕದಿಂದ):
ಸರ್, ನಮ್ಮ ಹೆಣ್ಣಿನ ಹಿಂದೆ ಕೆಂಪು ಎಳೆ ಎರಡು ಮೂರು ಹೊರಗೆ ಬಂದಿವೆ. ಮರಿ ಸಿಕ್ಕಿಹಾಕಿಕೊಂಡಿದೆಯಾ?

ಉತ್ತರ:
ಅಲ್ಲ. ಮರಿ ಹೊರಬರುವಾಗ ಸುರುಳಿ ಸುತ್ತಿಕೊಂಡು ಬಂದು, ತಕ್ಷಣ ಬಿಚ್ಚಿಕೊಂಡು ಈಜುತ್ತದೆ. ಮೀನು ಸುಮ್ಮನೆ ನಿಂತಾಗ ಎಳೆ ಹೊರಗೆ ಬಂದು, ಅಲ್ಲಾಡಿದಾಗ ಒಳಗೆ ಹೋಗುತ್ತದಾ ನೋಡಿ. ಹಾಗಿದ್ದರೆ ಕ್ಯಾಮಲ್ಯಾನಸ್ ಅನ್ನುವ ಜಂತುಹುಳು. ಕರುಳು ಕಚ್ಚಿ ರಕ್ತ ಕುಡಿಯುತ್ತದೆ, ಅದಕ್ಕೇ ಕೆಂಪು. ಗಪ್ಪಿಗಳಲ್ಲಿ ಇದು ಮಾಮೂಲಿ. ಎಳೆದು ತೆಗೆಯಲು ಹೋಗಬೇಡಿ, ಕರುಳು ಹರಿಯುತ್ತದೆ.

ಇದಕ್ಕೆ ಲೆವಮಿಸಾಲ್ ಕೆಲಸ ಮಾಡುತ್ತದೆ. ಕುರಿ, ಮೇಕೆಗೆ ಕೊಡುವ ಜಂತಿನ ಔಷಧಿಯೇ ಅದು, ಪಶು ಔಷಧಿ ಅಂಗಡಿಯಲ್ಲಿ ಕೇಳಬೇಕು. ಒಂದೊಂದು ಕಂಪನಿಯದು ಒಂದೊಂದು ಗಾಢತೆ. ಆದ್ದರಿಂದ ಇಲ್ಲಿ ‘ಇಷ್ಟು ಹನಿ’ ಅಂತ ಬರೆಯುವುದಿಲ್ಲ. ಬಾಟಲಿ ಹಿಡಿದುಕೊಂಡು ಪಶುವೈದ್ಯರ ಹತ್ತಿರ ಲೆಕ್ಕ ಹಾಕಿಸಿ. ಹೆಬ್ಬಾಳ ನಿಮಗೆ ಹತ್ತಿರವೇ ಅಲ್ವಾ, ಅಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಒಂದು ಮೀನಿಗೆ ಕಂಡರೂ ಇಡೀ ಟ್ಯಾಂಕಿಗೆ ಔಷಧಿ ಆಗಬೇಕು. ಮಾರನೇ ದಿನ ತಳದಲ್ಲಿ ಬಿದ್ದ ಹುಳುಗಳನ್ನು ಪೈಪ್ ಇಟ್ಟು ಎಳೆದು ತೆಗೆಯಿರಿ, ನೀರು ಬದಲಾಯಿಸಿ. ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ಮಾಡಿ. ಅಲ್ಲಿಯವರೆಗೆ ನಿಮ್ಮ ಮರಿ ಯಾರಿಗೂ ಕೊಡಬೇಡಿ.

ಪ್ರಶ್ನೆ (ರಾಜಾಜಿನಗರದಿಂದ, ಕೆಲವು ದಿನದ ನಂತರ):
ಸರ್, ಹಳದಿ ಬಾಲದ್ದು ನಿನ್ನೆ ರಾತ್ರಿ ಮರಿ ಹಾಕಿದೆ! ಎಣಿಸೋಕೆ ಆಗುತ್ತಿಲ್ಲ, ಇಪ್ಪತ್ತಕ್ಕಂತೂ ಮೋಸ ಇಲ್ಲ. ಕಪ್ಪು ಬಾಲದ್ದು ಮೂಲೆ ಬಿಟ್ಟು ಹೊರಗೆ ಬಂದಿದೆ, ಸ್ವಲ್ಪ ತಿನ್ನುತ್ತಿದೆ, ಹೊಟ್ಟೆ ಹಾಗೇ ಇದೆ. ಇದನ್ನು ಬ್ರೀಡಿಂಗ್ ಬಾಕ್ಸಿಗೆ, ಅದೇ ಬಸುರಿ ಮೀನನ್ನು ಬೇರೆ ಇಡುವ ಸಣ್ಣ ಡಬ್ಬಿಗೆ, ಹಾಕಲಾ? ದೊಡ್ಡವು ಮರಿ ತಿನ್ನುತ್ತವೆ ಅಂತಾರೆ. ಜಾಸ್ತಿಯಾದರೆ ಸ್ಯಾಂಕಿ ಕೆರೆಗೆ ಬಿಡಬಹುದಾ? ಸೊಳ್ಳೆ ಕಾಟಕ್ಕೆ ಒಳ್ಳೆಯದು ಅಂತ ಕೇಳಿದ್ದೇನೆ.

ಉತ್ತರ:
ಮಗಳಿಗೆ ಅಭಿನಂದನೆ ಹೇಳಿ. ಕಪ್ಪು ಬಾಲದ್ದು ಬಸುರಿಯೂ ಹೌದು, ನೀರು ಕೆಟ್ಟು ಸೊರಗಿದ್ದೂ ಹೌದು ಅನ್ನಿಸುತ್ತದೆ. ಈಗಷ್ಟೇ ಸುಧಾರಿಸಿಕೊಂಡಿದೆ, ಬಾಕ್ಸಿಗೆ ಹಾಕಿ ಹೆದರಿಸಬೇಡಿ. ಗಾಬರಿಯಾದರೆ ದಿನ ತುಂಬುವ ಮುಂಚೆಯೇ ಮರಿ ಹಾಕಿಬಿಡುತ್ತದೆ, ಹೊಟ್ಟೆಯಲ್ಲಿ ಹಳದಿ ಚೀಲ ಇರುವಂಥವು, ಅವು ಬದುಕುವುದು ಕಷ್ಟ. ಬಾಕ್ಸಿನ ಬದಲು ಹೈಡ್ರಿಲ್ಲಾ ಅಥವಾ ಜಾವಾ ಮಾಸ್‌ನಂಥ ನೀರಿನ ಗಿಡ ಒಂದು ದೊಡ್ಡ ಹಿಡಿ ಹಾಕಿ. ಮರಿ ತಾವೇ ಅಡಗಿಕೊಳ್ಳುತ್ತವೆ. ದೊಡ್ಡವು ಕೆಲವನ್ನು ತಿನ್ನುವುದು ನಿಜ. 50 ಲೀಟರಿಗೆ ಅದು ಅಷ್ಟು ಕೆಟ್ಟದ್ದೂ ಅಲ್ಲ, ಮಗಳಿಗೆ ಮಾತ್ರ ಹೇಳಬೇಡಿ.

ಕೆರೆಗೆ ಬೇಡವೇ ಬೇಡ. ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರೇ ಬಾವಿ, ತೊಟ್ಟಿಗಳಿಗೆ ಗಪ್ಪಿ ಬಿಡಿಸುವುದುಂಟು. ಆದರೆ ಇದು ದಕ್ಷಿಣ ಅಮೆರಿಕದ ಉತ್ತರ ಭಾಗದ, ಟ್ರಿನಿಡಾಡ್ ಕಡೆಯ ಮೀನು. ನಮ್ಮ ಕೆರೆಯ ಸಣ್ಣ ಮೀನುಗಳ ಜಾಗ, ಊಟ ಎರಡನ್ನೂ ಕಿತ್ತುಕೊಳ್ಳುತ್ತದೆ. ಜಾಸ್ತಿ ಆದರೆ ಗುಂಪಿನಲ್ಲಿ ಹೇಳಿ, ತೆಗೆದುಕೊಳ್ಳುವವರು ಸಿಗುತ್ತಾರೆ.

ಮರಿಗೆ ಈಗಿನ ಫುಡ್ಡನ್ನೇ ಬೆರಳಲ್ಲಿ ಹಿಟ್ಟಿನಂತೆ ಪುಡಿ ಮಾಡಿ, ದಿನಕ್ಕೆ ಮೂರು ನಾಲ್ಕು ಸಲ ಚಿಟಿಕೆಗಿಂತ ಕಡಿಮೆ ಹಾಕಿ. ಕೋಳಿ ಮೊಟ್ಟೆಯ ಹಳದಿ ಕೊಡಿ ಅಂತ ಯಾರಾದರೂ ಹೇಳುತ್ತಾರೆ. ಸದ್ಯ ನಿಮ್ಮ ಟ್ಯಾಂಕಿಗೆ ಬೇಡ, ನೀರು ಬೇಗ ಕೆಡುತ್ತದೆ. ಫಿಲ್ಟರಿನ ಬಾಯಿಗೆ ಸಣ್ಣ ಸ್ಪಂಜು ಕಟ್ಟಿ, ಇಲ್ಲದಿದ್ದರೆ ಅದು ಮರಿಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಮೂರು ನಾಲ್ಕು ವಾರಕ್ಕೆ ಗಂಡು ಹೆಣ್ಣು ಗುರುತು ಹತ್ತುತ್ತದೆ. ಕಡ್ಡಿ ರೆಕ್ಕೆ ಕಂಡ ಕೂಡಲೇ ಆ ಗಂಡುಗಳನ್ನು ಬೇರೆ ಟಬ್ಬಿಗೆ ಹಾಕಿ. ಎರಡನೇ ತಿಂಗಳಿಂದಲೇ ಹೆಣ್ಣು ಮರಿಗಳೂ ಬಸುರಾಗಬಲ್ಲವು.