ಸಹಾಯ ಬೇಕು: ಎರಡು ಕಾಲಂ ಫಾರಿನ್ ಕೀಗೆ ಸೆಟ್ ನಲ್ ಕೊಟ್ರೆ ಡಿಲೀಟೇ ಆಗ್ತಿಲ್ಲ

ಪೋಸ್ಟ್‌ಗ್ರೆಸ್ (ಡೇಟಾಬೇಸ್ ಸಾಫ್ಟ್‌ವೇರ್) ಗೊತ್ತಿರೋರು ದಯವಿಟ್ಟು ನೋಡಿ.

ಹಲವು ಹಾಲು ಸಂಘಗಳ ಲೆಕ್ಕ ಒಂದೇ ಡೇಟಾಬೇಸ್‌ನಲ್ಲಿದೆ. ಸದಸ್ಯರ ಟೇಬಲ್‌ನಲ್ಲಿ ಸಂಘದ ಐಡಿ, ಸದಸ್ಯರ ನಂಬರ್ ಎರಡೂ ಸೇರಿ ಪ್ರೈಮರಿ ಕೀ, ಅಂದ್ರೆ ಪ್ರತಿ ಸಾಲನ್ನ ಗುರುತಿಸೋ ಕೀ. ದಿನಾ ಹಾಲು ಹಾಕೋ ಎಂಟ್ರಿ ಟೇಬಲ್‌ನಿಂದ ಅದಕ್ಕೆ ಫಾರಿನ್ ಕೀ, ಅಂದ್ರೆ ಸದಸ್ಯರ ಟೇಬಲ್‌ನಲ್ಲಿ ಇರೋ ಜೋಡಿಯನ್ನೇ ಎಂಟ್ರಿಯಲ್ಲಿ ಹಾಕಬೇಕು ಅನ್ನೋ ಕೊಂಡಿ. ಒಂದು ಸಂಘದ ಹಾಲು ಇನ್ನೊಂದು ಸಂಘದ ಸದಸ್ಯರ ಹೆಸರಿಗೆ ಬೀಳಬಾರದು ಅಂತಲೇ ಹೀಗೆ ಮಾಡಿದ್ದು, ಅದನ್ನ ಬಿಡೋ ಮಾತೇ ಇಲ್ಲ.

ಸದಸ್ಯರನ್ನ ತೆಗೆದರೂ ಹಳೇ ಎಂಟ್ರಿ ಆಡಿಟ್‌ಗೆ ಉಳೀಬೇಕು. ಹಾಗಾಗಿ ಎಂಟ್ರಿಗಳನ್ನೂ ಜೊತೆಗೇ ಅಳಿಸೋ ಕ್ಯಾಸ್ಕೇಡ್ ಆಗಲ್ಲ. ಸದಸ್ಯರನ್ನ ಅಳಿಸಿದಾಗ ಎಂಟ್ರಿಯ ಕಾಲಂ ನಲ್ (ಖಾಲಿ) ಮಾಡೋ ಆನ್ ಡಿಲೀಟ್ ಸೆಟ್ ನಲ್ ಕೊಟ್ಟೆ. ಅದು ಎರಡೂ ಕಾಲಂ ನಲ್ ಮಾಡೋಕೆ ಹೋಗುತ್ತೆ; ಸಂಘದ ಐಡಿ ನಾಟ್ ನಲ್ (ಖಾಲಿ ಬಿಡೋ ಹಾಗಿಲ್ಲ) ಆಗಿರೋದ್ರಿಂದ ಎರರ್ ಬಂದು ನಿಲ್ಲುತ್ತೆ. ವರ್ಷನ್ 15ರಿಂದ ಸೆಟ್ ನಲ್ ಮುಂದೆ ಬ್ರ್ಯಾಕೆಟ್‌ನಲ್ಲಿ ಬೇಕಾದ ಕಾಲಂ ಹೆಸರು ಮಾತ್ರ ಕೊಡಬಹುದು. ಟೆಸ್ಟ್ ಸರ್ವರ್‌ನಲ್ಲಿ ಸದಸ್ಯರ ನಂಬರ್ ಕಾಲಂ ಮಾತ್ರ ಹಾಗೆ ಕೊಟ್ಟೆ, ಡಿಲೀಟ್ ಆಯ್ತು.

ಸಿಕ್ಕಿಹಾಕ್ಕೊಂಡಿರೋದು ಇಲ್ಲಿ. ಫಾರಿನ್ ಕೀ ಚೆಕ್ ಮಾಡೋ ಡೀಫಾಲ್ಟ್ ರೀತಿಯಾದ ಮ್ಯಾಚ್ ಸಿಂಪಲ್‌ನಲ್ಲಿ ಒಂದು ಕಾಲಂ ನಲ್ ಇದ್ರೆ ಸಾಕು, ಉಳಿದದ್ದನ್ನ ಚೆಕ್ಕೇ ಮಾಡಲ್ಲ. ಸದಸ್ಯರ ನಂಬರ್ ಖಾಲಿ ಬಿಟ್ಟು, ಇಲ್ಲವೇ ಇಲ್ಲದ ಸಂಘದ ಐಡಿ 999 ಹಾಕಿದೆ, ಸುಮ್ಮನೆ ಒಳಗೆ ತಗೊಂಡ್ತು! ಮ್ಯಾಚ್ ಫುಲ್ ಹಾಕಿದ್ರೆ ಅರ್ಧ ನಲ್ ಇರೋ ಸಾಲನ್ನೇ ಒಪ್ಪಲ್ಲ, ಮತ್ತೆ ಡಿಲೀಟ್ ನಿಲ್ಲುತ್ತೆ.

ಸಂಘದ ಐಡಿಯಿಂದ ಸಂಘಗಳ ಟೇಬಲ್‌ಗೆ ಬೇರೆ ಫಾರಿನ್ ಕೀ ಹಾಕಿದ್ರೆ 999 ನಿಲ್ಲುತ್ತೆ, ಅಷ್ಟು ಗೊತ್ತು. ಆದ್ರೆ ಹೊಸ ಎಂಟ್ರಿಗೂ ಸದಸ್ಯರ ನಂಬರ್ ಖಾಲಿ ಬಿಡಬಹುದಲ್ಲ? ಅದನ್ನ ಟ್ರಿಗರ್ (ಸಾಲು ಸೇರಿಸಿದಾಗ, ಬದಲಿಸಿದಾಗ ತಾನಾಗೇ ಓಡೋ ಕೋಡ್) ಇಲ್ಲದೆ ತಡೆಯೋಕೆ ದಾರಿ ಇದೆಯಾ? ಇಲ್ಲಾಂದ್ರೆ ಡಿಲೀಟೇ ಬೇಡ ಅಂತ ರಿಸ್ಟ್ರಿಕ್ಟ್ ಇಟ್ಟು, ಸದಸ್ಯರ ಟೇಬಲ್‌ಗೆ 'ಚಾಲ್ತಿಯಲ್ಲಿಲ್ಲ' ಅಂತ ಒಂದು ಕಾಲಂ ಸೇರಿಸೋದೇ ಸರೀನಾ?