ಪ್ರಶ್ನೋತ್ತರ: ಪಾರ್ಸಲ್ ಎಣ್ಣೆಗೆ ಕಡಿವಾಣ ಹಾಕಿದ್ರೆ ಊರಿಗೆ ಪ್ರಯೋಜನ ಇದ್ಯಾ? ಡಾಕ್ಟರ್ ಮೇಡಂ ಉತ್ತರ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಮೊನ್ನೆ ಗ್ರಾಮಸಭೇಲಿ ಸಂಘದ ಹೆಣ್ಮಕ್ಕಳು ಎದ್ದು ನಿಂತು, ಬಾರಲ್ಲಿ ಕೂತು ಕುಡಿಯೋರು ಕುಡೀಲಿ, ಮನೆಗೆ ಕಟ್ಟಿಸ್ಕೊಂಡು ಬರೋದಕ್ಕೆ ಒಂದು ಲಿಮಿಟ್ ಹಾಕಿ ಅಂತ ಪಟ್ಟು ಹಿಡಿದಿದ್ದು ಗೊತ್ತಲ್ಲ. ಬೇಡಿಕೆ ಎರಡೇ: ಮಧ್ಯಾಹ್ನದ ತನಕ ಪಾರ್ಸಲ್ ಕೊಡಬಾರ್ದು, ಊರೊಳಗಿನ ಕಿರಾಣಿ ಅಂಗಡೀಲಿ ಎಣ್ಣೆ ಪ್ಯಾಕೆಟ್ ಇಡಬಾರ್ದು. ಶಿವಮೊಗ್ಗದಲ್ಲಿ ಕುಡಿತ ಬಿಡಿಸೋ ವಾರ್ಡ್ ನೋಡ್ಕೊಳ್ಳೋ ಮನೋವೈದ್ಯೆ ಮೇಡಂ ಇವತ್ತು ಭಾನುವಾರ ಅಂತ ಟೈಮ್ ಕೊಟ್ಟಿದಾರೆ. ಒಬ್ಬರಿಗೆ ಒಂದು ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಸೊರಬದ ಮೇಷ್ಟ್ರು: ಮೇಡಂ ನಮಸ್ತೆ. ಇಲ್ಲಿ ಸಿಗದಿದ್ರೆ ಪಕ್ಕದೂರಿಗೆ ಹೋಗ್ತಾರೆ, ಕುಡಿಯೋನು ಹೆಂಗಾದ್ರೂ ಕುಡೀತಾನೆ ಅನ್ನೋದು ನನ್ನ ಅಭಿಪ್ರಾಯ. ಟೈಮ್ ಕಮ್ಮಿ ಮಾಡಿದ್ರೆ ನಿಜವಾಗ್ಲೂ ವ್ಯತ್ಯಾಸ ಆಗುತ್ತಾ?

ಡಾಕ್ಟರ್: ಆಗುತ್ತೆ ಮೇಷ್ಟ್ರೆ. ಎಲ್ಲರಿಗೂ ಅಲ್ಲ, ಆದ್ರೆ ತುಂಬಾ ಜನಕ್ಕೆ. ಎಂಟು ಕಿಲೋಮೀಟರ್ ಹೋಗಿ ಬರಬೇಕು, ಮಳೆ ಬೇರೆ, ಬಸ್ಸು ಮಧ್ಯಾಹ್ನಕ್ಕೆ ಒಂದೇ ಅಂದ್ರೆ ಅರ್ಧ ಜನ ಸಂಜೆ ತನಕ ಸುಮ್ಮನಿರ್ತಾರೆ, ಇದನ್ನ ನಮ್ಮ ವಾರ್ಡಿಗೆ ಬಂದವರೇ ಹೇಳ್ತಾರೆ. ಬಾರಲ್ಲಿ ಕುಡಿಯೋನಿಗೆ ದುಡ್ಡು ಮುಗಿಯುತ್ತೆ, ಇಲ್ಲ ಬಾಗಿಲು ಹಾಕ್ತಾರೆ. ಮನೇಲಿ ಕುಡಿಯೋನಿಗೆ ಬಾಗಿಲು ಹಾಕೋರು ಯಾರು, ಹೆಂಡತಿ ಮಕ್ಕಳು ಎದುರಿಗೇ ಇರ್ತಾರೆ, ಅಟ್ಟದ ಮೇಲೆ ಅಡಿಕೆಗೆ ಹೊಡೆಯೋ ಔಷಧಿ ಡಬ್ಬ ಇರುತ್ತೆ, ಜಗಳ ಆದ ಹತ್ತು ನಿಮಿಷಕ್ಕೆ ಅದು ಕೈಗೆ ಬರುತ್ತೆ. ನಾನು ಹೆದರೋದು ಆ ಹತ್ತು ನಿಮಿಷಕ್ಕೆ.

ಆಸ್ಟ್ರೇಲಿಯಾದಲ್ಲಿ ಫಿಟ್ಜ್‌ರಾಯ್ ಕ್ರಾಸಿಂಗ್ ಅಂತ ದೂರದ ಒಂದು ಸಣ್ಣ ಊರು, ಅಲ್ಲೂ ಹೆಣ್ಮಕ್ಕಳೇ ಮುಂದೆ ನಿಂತು 2007ರಲ್ಲಿ ಪಾರ್ಸಲ್ ಕಟ್ಟುನಿಟ್ಟು ಮಾಡಿಸಿದ್ರು, ಕಡಿಮೆ ಅಂಶದ ಬಿಯರ್ ಬಿಟ್ಟು ಬೇರೇನೂ ಹೊರಗೆ ಒಯ್ಯೋ ಹಾಗಿಲ್ಲ, ಒಳಗೆ ಕೂತು ಕುಡಿಯೋದಕ್ಕೆ ಅಡ್ಡಿ ಇಲ್ಲ. ಆಮೇಲೆ ಪೊಲೀಸ್ ಕೇಸು, ಆಸ್ಪತ್ರೆಗೆ ಏಟು ತಿಂದು ಬರೋರು ಎರಡೂ ಇಳೀತು. ಬೇರೆ ಊರಿಗೆ ಹೋಗಿ ಕುಡಿಯೋರೂ ಇದ್ರು, ನೀವು ಹೇಳಿದ್ದು ಪೂರ್ತಿ ಸುಳ್ಳಲ್ಲ.

ಭದ್ರಾವತಿ ಹುಡ್ಗ: ಮೇಡಂ ಗೊತ್ತಾಗದ ಹಾಗೆ ಸಾರಲ್ಲಿ ಹಾಕೋ ಕುಡಿತ ಬಿಡಿಸೋ ಪುಡಿ ಬರುತ್ತಲ್ಲ ಅದರ ಹೆಸರು ಹೇಳಿ. ನಮ್ಮ ಮಾವನಿಗೆ.

ಡಾಕ್ಟರ್: ಹೇಳಲ್ಲ. ಅಂಥ ಎಷ್ಟೋ ಪುಡೀಲಿ ಒಳಗೇನಿದೆ ಅಂತಾನೇ ಬರೆದಿರಲ್ಲ. ಕುಡಿತ ಬಿಡಿಸೋಕೆ ನಾವು ಕೊಡೋ ಡೈಸಲ್ಫಿರಾಂ ಮಾತ್ರೆ ಅದರಲ್ಲಿದ್ರೆ, ಅದು ಗೊತ್ತಿಲ್ದೆ ಮೇಲೆ ಎಣ್ಣೆ ಹಾಕಿದ್ರೆ ಮುಖ ಕೆಂಪಾಗಿ, ವಾಂತಿ ಆಗಿ, ಬಿಪಿ ಬಿದ್ದು ಹೋಗುತ್ತೆ, ಹೃದಯ ವೀಕ್ ಇದ್ದೋರು ಸತ್ತೂ ಹೋಗಬಹುದು. ಆ ಮಾತ್ರೆ ತಗೊಳ್ಳೋನಿಗೆ ಗೊತ್ತಿದ್ದು, ಒಪ್ಪಿ, ರಕ್ತ ಪರೀಕ್ಷೆ ಮಾಡಿಸಿ ತಗೋಬೇಕು.

ಆರೋಗ್ಯವೇ ಭಾಗ್ಯ: ಸಿಕ್ಕಿದ್ದು ಹಂಚ್ಕೋತಿದೀನಿ 🙏 ಖರ್ಜೂರ ರಾತ್ರಿ ನೆನೆಸಿ, ಹಾಗಲಕಾಯಿ ಎಲೆ ರಸ, ಮಜ್ಜಿಗೆ ಸೇರಿಸಿ 7 ದಿನ ಬೆಳಿಗ್ಗೆ ಖಾಲಿ ಹೊಟ್ಟೇಲಿ ಕೊಟ್ರೆ 30 ವರ್ಷದ ಕುಡಿತ ಬಿಡುತ್ತೆ. 100% ಗ್ಯಾರಂಟಿ. ಕನಿಷ್ಠ 10 ಜನಕ್ಕೆ ಕಳಿಸಿ.

ಡಾಕ್ಟರ್: ಖರ್ಜೂರ ಒಳ್ಳೇದು, ತಿನ್ನಿ. ಹತ್ತು ಜನಕ್ಕೆ ಕಳಿಸಬೇಡಿ.

ಹೆಸರು ಬೇಡ, ಹೊಸನಗರ ಕಡೆ: ಅಕ್ಕ ತಪ್ಪು ತಿಳ್ಕೋಬೇಡಿ ಉದ್ದ ಆಗುತ್ತೆ. ನಮ್ಮೂರಲ್ಲಿ ಹೋದ ವಾರ ಎಲ್ಲ ಸೇರಿ ಕಿರಾಣಿ ಅಂಗಡಿಯವನ ಹತ್ರ ಪ್ಯಾಕೆಟ್ ಮಾರೋದು ನಿಲ್ಲಿಸಿದ್ವಿ, ನಾನೂ ಹೋಗಿದ್ದೆ. ನಮ್ಮನೆಯವರು ದಿನಾ ಬೆಳಿಗ್ಗೆ ಎದ್ದ ಕೂಡ್ಲೆ ಒಂದು ಪ್ಯಾಕೆಟ್ ಹಾಕ್ದೆ ಹೊರಗೆ ಹೋಗ್ತಿರ್ಲಿಲ್ಲ, ಸುಮಾರು ವರ್ಷದಿಂದ. ಈಗ ಶುಕ್ರವಾರದಿಂದ ಕುಡಿದಿಲ್ಲ, ನಂಗೆ ಖುಷಿನೇ ಆಗಿತ್ತು, ನಿನ್ನೆ ಕೈ ನಡುಗಿ ಕಾಫಿ ಲೋಟ ಹಿಡಿಯಕ್ಕೆ ಆಗ್ಲಿಲ್ಲ, ಮೈಯೆಲ್ಲ ಬೆವರು. ರಾತ್ರಿಯಿಂದ ಹಾಸಿಗೆ ಮೇಲೆ ಇರುವೆ ಹರೀತಿದೆ ಅಂತ ಕೊಡವ್ತಾ ಇದಾರೆ, ತೋಟದಲ್ಲಿ ಯಾರೋ ಟಾರ್ಚ್ ಹಿಡ್ಕೊಂಡು ನಿಂತಿದಾರೆ ಅಂತಾರೆ, ನನ್ನನ್ನ ಅವರ ತಂಗಿ ಹೆಸರಲ್ಲಿ ಕರೀತಾರೆ. ಅತ್ತೆ ಇದು ಭೂತದ ಕಾಟ, ನೋಡಿಸಬೇಕು ಅಂತ ಜನ ಕರೆಸ್ತಿದಾರೆ. ಏನು ಮಾಡ್ಲಿ.

ಡಾಕ್ಟರ್: ನೋಡಮ್ಮ, ಮೊದಲು 108ಕ್ಕೆ ಫೋನ್ ಮಾಡು, ಆಮೇಲೆ ಉಳಿದಿದ್ದು ಓದು.

ಇದು ಭೂತ ಅಲ್ಲ, ಮೆದುಳು. ವರ್ಷಗಟ್ಟಲೆ ದಿನಾ ಎಣ್ಣೆ ಬಿದ್ದ ಮೆದುಳು ಆ ಮಂಪರಿಗೆ ಎದುರಾಗಿ ತನ್ನ ವೇಗ ಏರಿಸ್ಕೊಂಡು ಬದುಕಿರುತ್ತೆ, ಎಣ್ಣೆ ಒಮ್ಮೆಲೇ ನಿಂತಾಗ ಆ ವೇಗ ತಡೆಯೋರಿಲ್ಲ. ಮೊದಲ ದಿನ ನಡುಕ, ಬೆವರು, ವಾಂತಿ, ನಿದ್ದೆ ಇಲ್ಲ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಒಳಗೆ ಈ ಇರುವೆ ಕಾಣೋದು, ಮನೆಯವರ ಗುರುತು ತಪ್ಪೋದು, ಜ್ವರ, ಎದೆ ಡಬಡಬ. ನಾವು ಡಿಟಿ ಅಂತೀವಿ. ಆಸ್ಪತ್ರೇಲಿ ಸರಿಯಾಗಿ ನೋಡ್ಕೊಂಡ್ರೆ ಸಾಮಾನ್ಯವಾಗಿ ಕೆಲವೇ ದಿನದಲ್ಲಿ ಇಳಿಯುತ್ತೆ, ಮನೇಲಿ ಬಿಟ್ರೆ ಜೀವಕ್ಕೇ ಅಪಾಯ. ನೋಡಿಸೋಕೆ ಬಂದವರಿಗೆ ಕಾಫಿ ಕೊಟ್ಟು ಕಳಿಸು, ಕಟ್ಟಿ ಹಾಕಕ್ಕೆ ಮಾತ್ರ ಬಿಡಬೇಡ, ಕಟ್ಟಿದ್ರೆ ಇನ್ನೂ ಕೊಸರಾಡಿ ಮೈ ಬಿಸಿಯಾಗಿ ಕೇಸ್ ಕೆಡುತ್ತೆ.

ಆಂಬುಲೆನ್ಸ್ ಬರೋ ತನಕ ದೀಪ ಹಾಕಿಡು, ಕತ್ತಲಲ್ಲಿ ಭ್ರಮೆ ಜಾಸ್ತಿ. ಇರುವೆ ಇಲ್ಲ ಅಂತ ವಾದ ಮಾಡಬೇಡ, "ಆಯ್ತು, ಕೊಡವಿದೀನಿ, ಕೂತ್ಕೊಳ್ಳಿ" ಅನ್ನು. ಕತ್ತಿ, ದೋಟಿ, ಔಷಧಿ ಡಬ್ಬ ಎಲ್ಲ ಬೇರೆ ಮನೆಗೆ ಸಾಗಿಸು. ಬೈಕಲ್ಲಿ ನಡುವೆ ಕೂರಿಸ್ಕೊಂಡು ಕರ್ಕೊಂಡು ಹೋಗೋ ಸಾಹಸ ಬೇಡ, ದಾರೀಲಿ ಫಿಟ್ಸ್ ಬಂದ್ರೆ ಮೂವರೂ ಬೀಳ್ತೀರಿ. ಫಿಟ್ಸ್ ಬಂದ್ರೆ ಪಕ್ಕಕ್ಕೆ ಹೊರಳಿಸಿ ಮಲಗಿಸು ಅಷ್ಟೇ, ಬಾಯಿಗೆ ಚಮಚ ತುರುಕೋದು, ಕೈಗೆ ಕಬ್ಬಿಣ ಕೊಡೋದು ಏನೂ ಬೇಡ.

ಇನ್ನೊಂದು ಮುಖ್ಯ. ದಾರೀಲಿ ಯಾರಾದ್ರೂ ಸುಸ್ತಿಗೆ ಅಂತ ಗ್ಲೂಕೋಸ್ ಬಾಟಲಿ ಹಾಕಕ್ಕೆ ಬಂದ್ರೆ, ದಿನಾ ಕುಡೀತಿದ್ರು, ಬಿ1 ಇಂಜೆಕ್ಷನ್ ಕೊಡಿ ಅಂತ ಕೇಳು. ಕುಡಿಯೋರ ಮೈಯಲ್ಲಿ ಆ ವಿಟಮಿನ್ ಖಾಲಿ ಆಗಿರುತ್ತೆ, ಅದಿಲ್ದೆ ಬರೀ ಗ್ಲೂಕೋಸ್ ಹೋದ್ರೆ ಮೆದುಳಿಗೆ ಪೆಟ್ಟಾಗಿ ಮರೆವು ಹಾಗೇ ಉಳಿದುಬಿಡಬಹುದು. ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಲಿ, ಬೇಕಾದ್ರೆ ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸ್ತಾರೆ. ಕೊನೇ ಸಲ ಕುಡಿದಿದ್ದು ಶುಕ್ರವಾರ ಎಷ್ಟು ಗಂಟೆಗೆ ಅಂತ ಚೀಟೀಲಿ ಬರೆದು ಕೊಡು, ಅಲ್ಲಿರೋ ಡಾಕ್ಟ್ರಿಗೆ ಅದೇ ಮೊದಲು ಬೇಕಾಗೋದು. ಅಂಗಡಿ ನಿಲ್ಲಿಸಿದ್ದಕ್ಕೆ ಹಿಂಗಾಯ್ತು ಅಂತ ನಿನ್ನ ತಲೆಗೆ ಕಟ್ಟಕ್ಕೆ ಬಂದ್ರೆ ನನ್ನ ಹೆಸರು ಹೇಳು.

ತುಂಗಾ ತೀರ: ಒಂದು ನೈಂಟಿ ಕೊಟ್ರೆ ಎಲ್ಲ ಸರಿ ಹೋಗಲ್ವಾ ಮೇಡಂ? ನಮ್ಮ ಅಜ್ಜನಿಗೆ ಹಂಗೇ ಮಾಡ್ತಿದ್ವಿ.

ಡಾಕ್ಟರ್: ಗುರುತು ತಪ್ಪಿದವನ ಬಾಯಿಗೆ ಸುರಿದ್ರೆ ಶ್ವಾಸಕೋಶಕ್ಕೆ ಹೋಗುತ್ತೆ. ಬೇಡ.

ವೈನ್ಸ್ ಪಕ್ಕದ್ಮನೆ: ನೋಡಿ ಇದನ್ನೇ ನಾನು ಅವತ್ತು ಸಭೇಲಿ ಹೇಳಿದ್ದು, ಬಂದ್ ಮಾಡಿದ್ರೆ ಜನ ಸಾಯ್ತಾರೆ ಅಂತ. ನಮ್ಮ ಭಾವನ ಅಂಗಡಿ ಲೈಸೆನ್ಸ್ ಇರೋ ಅಂಗಡಿ, ಎಂಆರ್‌ಪಿ ರೇಟು, ಸರ್ಕಾರಕ್ಕೆ ಟ್ಯಾಕ್ಸ್ ಕಟ್ತೀವಿ, ಆ ದುಡ್ಡಲ್ಲೇ ನಿಮಗೆ ಗೃಹಲಕ್ಷ್ಮಿ 2000 ಬರ್ತಿರೋದು.

ಸಂಘದ ಅಕ್ಕ: 2000 ಬಂದ ದಿನವೇ ಅದರಲ್ಲಿ ಅರ್ಧ ನಿಮ್ಮ ಭಾವನ ಗಲ್ಲಾಕ್ಕೆ ವಾಪಸ್ ಬರುತ್ತೆ, ಅದನ್ನೂ ಹೇಳಿ ಮಾರಾಯ್ರೆ. ಕಿರಾಣಿ ಅಂಗಡಿಗೆ ಪ್ಯಾಕೆಟ್ ಸಪ್ಲೈ ಆಗೋದು ಎಲ್ಲಿಂದ? ಆಕಾಶದಿಂದ ಉದುರುತ್ತಾ? ರಾತ್ರಿ ಓಮ್ನೀಲಿ ಬಾಕ್ಸ್ ಬಾಕ್ಸ್ ಹೋಗೋದು ಊರಿಗೆಲ್ಲ ಗೊತ್ತು. ಕೇಸ್ ಹಾಕ್ತಾರೆ, ಸಂಜೆಗೆ ಬೇಲು, ಮಾರನೇ ದಿನ ಬೆಲ್ಲದ ಡಬ್ಬದ ಹಿಂದೆ ಮತ್ತೆ ಪ್ಯಾಕೆಟ್ಟು.

ವೈನ್ಸ್ ಪಕ್ಕದ್ಮನೆ: ಪ್ರೂಫ್ ಇದ್ರೆ ಮಾತಾಡಿ. ಬಿಹಾರದಲ್ಲಿ 2016ರಿಂದ ಬಂದ್ ಮಾಡಿದಾರಲ್ಲ ಏನಾಯ್ತು, ಕಳ್ಳಭಟ್ಟಿ ಕುಡಿದು ಸಾಯ್ತಾ ಇದಾರೆ.

ಡಾಕ್ಟರ್: ಪೂರ್ತಿ ಬಂದ್ ಅಂತ ಇಲ್ಲಿ ಯಾರೂ ಕೇಳಿಲ್ಲ. ಬಂದ್ ಮಾಡಿದ್ರೆ ಕಳ್ಳಭಟ್ಟಿ ಬರುತ್ತೆ ಅನ್ನೋದು ನಿಜ, ಅದಕ್ಕೆ ಮಿಥೈಲ್ ಆಲ್ಕೋಹಾಲ್ ಅನ್ನೋ ವಿಷ ಸೇರಿದ್ರೆ ಕಣ್ಣು ಹೋಗುತ್ತೆ, ಜೀವ ಹೋಗುತ್ತೆ. ನಮ್ಮಲ್ಲೇ 2007ರಲ್ಲಿ ಸಾರಾಯಿ ನಿಂತ ಮಾರನೇ ವರ್ಷ ಬೆಂಗಳೂರು, ಕೋಲಾರ ಕಡೆ ನೂರಕ್ಕೂ ಜಾಸ್ತಿ ಜನ ಸತ್ತರು. ಅದಕ್ಕೇ ಕೇಳ್ತಿರೋದು ಟೈಮ್ ಕಮ್ಮಿ ಮಾಡಿ, ಲೈಸೆನ್ಸ್ ಇಲ್ಲದ ಕಡೆ ಮಾರಬೇಡಿ ಅಂತ. ಎರಡಕ್ಕೂ ವ್ಯತ್ಯಾಸ ಇದೆ.

ಹೊಸನಗರದ ತಂಗಿ, ಆಂಬುಲೆನ್ಸ್ ಬಂತಾ? ಉತ್ತರ ಹಾಕಮ್ಮ.

ಶಿಕಾರಿಪುರ: ಸ್ಕ್ಯಾನಿಂಗಲ್ಲಿ ಫ್ಯಾಟಿ ಲಿವರ್ ಗ್ರೇಡ್ 2 ಅಂತ ಬಂದಿದೆ, ವಾರಕ್ಕೆ ಒಂದ್ಸಲ ಬಿಯರ್ ತಗೋಬಹುದಾ ಮೇಡಂ

ತೋಟದ ಮನೆ: ನಂದು ಬೇರೆ ಪ್ರಶ್ನೆ. ಅಡಿಕೆ ಕೊನೆ ಕೊಯ್ಲಿಗೆ ಬರೋರಿಗೆ ಸಂಜೆ ಒಂದು ಕ್ವಾರ್ಟರ್ ಕೊಡದೆ ಇದ್ರೆ ಮರುದಿನ ಬರಲ್ಲ, ಪಕ್ಕದ ತೋಟಕ್ಕೆ ಹೋಗ್ತಾರೆ. ಸೀಸನ್ನಲ್ಲಿ ಆಳೇ ಸಿಗಲ್ಲ. ಈ ಲಿಮಿಟ್ ಎಲ್ಲ ಬಂದ್ರೆ ನಮ್ಮ ಗತಿ ಏನು.

ಸಂಘದ ಅಕ್ಕ: ನಿಮ್ಮಂಥೋರಿಂದಾನೇ ಇದೆಲ್ಲ. ಕೂಲಿ ದುಡ್ಡು ಕೊಡಿ, ಕ್ವಾರ್ಟರ್ ಕೊಡಬೇಡಿ.

ತೋಟದ ಮನೆ: ನೀವು ಬಂದು ಮರ ಹತ್ತಿ ಹಂಗಾದ್ರೆ.

ಡಾಕ್ಟರ್: ತೋಟದ ಮನೆಯವ್ರೆ, ಲೆಕ್ಕ ಹೇಳ್ತೀನಿ. ಒಂದು ಕ್ವಾರ್ಟರ್ ಅಂದ್ರೆ 180 ಎಂಎಲ್, ಅದರಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್. ನಾವು 10 ಗ್ರಾಂಗೆ ಒಂದು ಡ್ರಿಂಕ್ ಅಂತ ಎಣಿಸೋದು, ಅಂದ್ರೆ ಆರು ಡ್ರಿಂಕ್ ನೀವು ಕೈಗೆ ಕೊಟ್ಟು ಮನೆಗೆ ಕಳಿಸ್ತಿದೀರಿ. ಇವತ್ತು ಸಂಜೆ ಆರು ಹಾಕಿದವನನ್ನ ನಾಳೆ ಬೆಳಿಗ್ಗೆ ಕೈ ನಡುಗ್ತಿರುವಾಗ್ಲೇ ಅಡಿಕೆ ಮರ ಹತ್ತಿಸ್ತೀರಿ. ಬಿದ್ದು ಬೆನ್ನುಮೂಳೆ ಮುರ್ಕೊಂಡೋರು ನಮ್ಮ ಪಕ್ಕದ ವಾರ್ಡಲ್ಲೇ ಇರ್ತಾರೆ, ಬಂದು ನೋಡಿ. ಸುತ್ತಮುತ್ತ ತೋಟದವರೆಲ್ಲ ಕೂತು ಯಾರೂ ಎಣ್ಣೆ ಕೊಡಲ್ಲ, ಆ ದುಡ್ಡು ಕೂಲಿಗೇ ಸೇರಿಸ್ತೀವಿ ಅಂತ ಒಂದು ಮಾತಿಗೆ ಬನ್ನಿ. ಒಬ್ಬರೇ ನಿಲ್ಲಿಸಿದ್ರೆ ಆಳು ಹೋಗ್ತಾರೆ, ಒಪ್ತೀನಿ.

ಸಾಗರದ ಹುಡ್ಗಿ: ಮೇಡಂ ಕುಡಿತ ಬಿಡಿಸೋ ಪೌಡರ್ ಆನ್‌ಲೈನಲ್ಲಿ 999ಕ್ಕೆ ಇದೆ, ತಗೋಬಹುದಾ?

ಡಾಕ್ಟರ್: ಬೇಡ. ಮೇಲೆ ಓದಿ.

ಸೊರಬದ ಮೇಷ್ಟ್ರು: ಹುಡುಗರ ವಿಷಯ ಯಾರೂ ಎತ್ತಲಿಲ್ಲ. ಎಣ್ಣೆ ಮಾರೋಕೆ ರೂಲ್ಸಲ್ಲಿ 21 ವರ್ಷ, ಕಾಯ್ದೇಲಿ 18, 2023ರಲ್ಲಿ ಎಲ್ಲ 18 ಮಾಡಕ್ಕೆ ಹೊರಟು ಜನ ಬೈದ ಮೇಲೆ ವಾಪಸ್ ತಗೊಂಡ್ರು. ಅಂಗಡೀಲಿ ಮಾತ್ರ ವಯಸ್ಸು ಕೇಳೋರೇ ಇಲ್ಲ. ನನ್ನ ಪಿಯು ಮಕ್ಕಳು ಯಾರನ್ನೋ ಕಳಿಸಿ ಪಾರ್ಸಲ್ ತರಿಸ್ತಾರೆ, ಬಾರೊಳಗೆ ಹೋಗಕ್ಕೆ ಅವರಿಗೆ ಹೆದ್ರಿಕೆ, ಪಾರ್ಸಲ್‌ಗೆ ಹೆದ್ರಿಕೆ ಇಲ್ಲ.

ವೈನ್ಸ್ ಪಕ್ಕದ್ಮನೆ: ಮಕ್ಕಳನ್ನ ನೋಡ್ಕೊಳ್ಳೋದು ಮೇಷ್ಟ್ರ ಕೆಲಸ, ಅಂಗಡಿಯವನದ್ದಲ್ಲ.

ಸೊರಬದ ಮೇಷ್ಟ್ರು: ಮಾರೋದು ನಿಮ್ಮ ಕೆಲಸ, ಸರ್ತಿ ಸರ್ತಿ ಬೇರೆಯವರ ಮೇಲೆ ಹಾಕ್ತೀರಲ್ಲ, ಸ್ವಲ್ಪ ನಾಚಿಕೆ ಇರಲಿ.

ವೈನ್ಸ್ ಪಕ್ಕದ್ಮನೆ: ಮಾತು ಸರಿಯಾಗಿ ಬರಲಿ. ಹೈವೇಯಿಂದ 500 ಮೀಟರ್ ದೂರ ಇರಬೇಕು ಅಂತ ಕೋರ್ಟ್ ಹೇಳಿದ್ರಿಂದಾನೇ ಅಂಗಡಿಗಳು ಊರೊಳಗೆ ಬಂದಿದ್ದು, ನಾವಾಗೇ ಬಂದಿದ್ದಲ್ಲ.

ಅಡ್ಮಿನ್: ಇಬ್ರೂ ನಿಲ್ಲಿಸಿ. ಮೇಡಂ ಟೈಮ್ ಹಾಳಾಗ್ತಿದೆ.

ಆರೋಗ್ಯವೇ ಭಾಗ್ಯ: ಮೇಡಂ ನೀವು ಇಂಗ್ಲಿಷ್ ಔಷಧಿಯವರು ಅದಕ್ಕೇ ಹಳ್ಳಿ ಮದ್ದು ಅಂದ್ರೆ ನಿಮಗೆ ಅಸಡ್ಡೆ. ಇದು ನೋಡಿ: ಕುಡಿಯೋದು ನಿಲ್ಲಿಸಬೇಕಂದ್ರೆ 3 ದಿನ ಕೋಣೇಲಿ ಕೂಡಿ ಹಾಕಿ ಬರೀ ನಿಂಬೆಹಣ್ಣಿನ ನೀರು ಕೊಡಿ, ವಿಷ ಎಲ್ಲ ಇಳಿದು ಹೋಗುತ್ತೆ.

ಡಾಕ್ಟರ್: ಇದನ್ನ ಅಳಿಸಿ. ಈಗಲೇ. ಮೇಲೆ ಒಬ್ಬ ಹೆಣ್ಮಗಳು ಗಂಡನಿಗೆ ಇರುವೆ ಕಾಣ್ತಿದೆ ಅಂತ ಬರೆದಿದ್ದು ನೀವು ಓದಿದೀರಾ? ಅಂಥವನನ್ನ ಮೂರು ದಿನ ಕೂಡಿ ಹಾಕಿದ್ರೆ ನಾಲ್ಕನೇ ದಿನ ಬಾಗಿಲು ತೆಗೆದಾಗ ಏನಾಗಿರುತ್ತೆ ಗೊತ್ತಾ? ಹಳ್ಳಿ ಮದ್ದಿಗೆ ಅಸಡ್ಡೆ ಇಲ್ಲ, ನಮ್ಮಮ್ಮನೂ ಕಷಾಯ ಮಾಡ್ತಾರೆ. ಎಲ್ಲಿಂದ ಬಂತು ಗೊತ್ತಿಲ್ದೇ ಇರೋದನ್ನ ಬೆರಳಲ್ಲಿ ತಳ್ಳೋದಕ್ಕೆ ಅಸಡ್ಡೆ. 2020ರ ಲಾಕ್‌ಡೌನಲ್ಲಿ ಮಾರ್ಚ್ ಕೊನೆಯಿಂದ ಮೇ 4ರ ತನಕ ಅಂಗಡಿ ಇರ್ಲಿಲ್ಲ, ಫಿಟ್ಸ್ ಬಂದು, ಡಿಟಿ ಆಗಿ ಎಷ್ಟು ಮನೆ ಒದ್ದಾಡಿದ್ವು ಅಂತ ಆಗ ವಾರ್ಡಲ್ಲಿದ್ದ ಯಾರನ್ನಾದ್ರೂ ಕೇಳಿ.

ಸಂಘದವರೂ ಕೇಳಿಸ್ಕೊಳ್ಳಿ. ಅಂಗಡಿಗೆ ಬೀಗ ಹಾಕ್ಸೋ ಮುಂಚೆ ಆಶಾ ಕಾರ್ಯಕರ್ತೆ ಜೊತೆ ಕೂತು ಬೆಳಿಗ್ಗೆ ಎದ್ದ ಕೂಡ್ಲೆ ಕುಡಿಯೋರು ಯಾರ್ಯಾರು ಅಂತ ಪಟ್ಟಿ ಮಾಡಿ, ಅವರನ್ನ ಮೊದಲು ಆಸ್ಪತ್ರೆಗೆ ಕರ್ಕೊಂಡು ಬನ್ನಿ. ಮಾತ್ರೆ ಮೇಲೆ ನಿಧಾನಕ್ಕೆ ಇಳಿಸ್ತೀವಿ. ಸಂಜೆ ಮಾತ್ರ ಕುಡಿದು ನಡುಕ ಇಲ್ಲದೇ ಇರೋರಿಗೆ ಅಷ್ಟು ಭಯ ಇಲ್ಲ. ದಾರಿ ಗೊತ್ತಾಗದಿದ್ರೆ ಟೆಲಿ ಮಾನಸ್ 14416, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.

ಸಂಘದ ಅಕ್ಕ: ಪಟ್ಟಿ ಮಾಡ್ತೀವಿ ಮೇಡಂ. ಆದ್ರೆ ನಮ್ಮನ್ನೇ ತಪ್ಪಿತಸ್ಥರ ಥರ ಮಾತಾಡಿದ್ರಿ, ಅದು ಬೇಜಾರಾಯ್ತು. ಹೊಡೆತ ತಿಂದೋರು ನಾವು.

ಡಾಕ್ಟರ್: ಹೊಡೀತಿದ್ರೆ 112, ಅದು ಬೇರೆ ವಿಷಯ, ಅದಕ್ಕೆ ಪಟ್ಟಿ ಗಿಟ್ಟಿ ಕಾಯಬೇಡಿ.

ಹೆಸರು ಬೇಡ, ಹೊಸನಗರ ಕಡೆ: ಅಕ್ಕ ಗಾಡಿ ಬಂತು. ಆಸ್ಪತ್ರೇಲಿದೀವಿ, ಇಂಜೆಕ್ಷನ್ ಕೊಟ್ರು, ಮಲಗಿದಾರೆ. ಚೀಟಿ ಕೊಟ್ಟೆ, ಒಳ್ಳೇದಾಯ್ತು ಅಂದ್ರು. ಶಿವಮೊಗ್ಗಕ್ಕೆ ಬರೆದು ಕೊಡ್ತಾರಂತೆ. ಅತ್ತೆಗೆ ಇನ್ನೂ ನಂಬಿಕೆ ಇಲ್ಲ. ಮನೆಗೆ ಬಂದ ಮೇಲೆ ಮತ್ತೆ ಕುಡಿದ್ರೆ?

ಡಾಕ್ಟರ್: ಅಬ್ಬ. ಬಂದ ಮೇಲೆ ಮತ್ತೆ ಕುಡಿಯೋ ಸಾಧ್ಯತೆ ಇದ್ದೇ ಇದೆ, ಸುಳ್ಳು ಹೇಳಲ್ಲ. ಆಸೆ ತಗ್ಗಿಸೋ ಮಾತ್ರೆ ಇದೆ, ಲಿವರ್ ಟೆಸ್ಟ್ ನೋಡಿ ಶುರು ಮಾಡ್ತೀವಿ, ತಿಂಗಳುಗಟ್ಟಲೆ ತಗೋಬೇಕು, ಚೆಕಪ್ಪಿಗೆ ನೀನೂ ಜೊತೇಲಿ ಬಾ. ಆ ಕಿರಾಣಿ ಅಂಗಡೀಲಿ ಪ್ಯಾಕೆಟ್ ಮತ್ತೆ ಶುರು ಆಗ್ದೇ ಇರೋ ಹಾಗೆ ನೋಡ್ಕೊಳ್ಳಿ, ಬಿಟ್ಟವನಿಗೆ ಮನೆಯಿಂದ ಐವತ್ತು ಹೆಜ್ಜೇಲಿ ಸಿಗೋದೇ ದೊಡ್ಡ ಕಷ್ಟ. ಬುಧವಾರ ನಾನು ಓಪಿಡೀಲಿ ಇರ್ತೀನಿ.

ತೋಟದ ಮನೆ: ನಮ್ಮ ಸುತ್ತಿನ ನಾಲ್ಕು ತೋಟದವರ ಹತ್ರ ಮಾತಾಡಿ ನೋಡ್ತೀನಿ, ಗ್ಯಾರಂಟಿ ಕೊಡಲ್ಲ.

ವೈನ್ಸ್ ಪಕ್ಕದ್ಮನೆ: ಎಲ್ಲ ಸರಿ, ಮಧ್ಯಾಹ್ನದ ತನಕ ಅಂಗಡಿ ಮುಚ್ಚಿದ್ರೆ ನಮ್ಮ ಹುಡುಗರ ಸಂಬಳ ಸಂಘದವರು ಕೊಡ್ತಾರಾ?

ಸಂಘದ ಅಕ್ಕ: ಓಮ್ನಿ ಮಾರಿ ಕೊಡಿ.

ಶಿಕಾರಿಪುರ: ಮೇಡಂ ನನ್ನ ಫ್ಯಾಟಿ ಲಿವರ್ ಪ್ರಶ್ನೆಗೆ ಉತ್ತರ ಬರ್ಲಿಲ್ಲ

ಅಡ್ಮಿನ್: ಮೇಡಂ ಆಫ್‌ಲೈನ್ ಹೋದ್ರು. ಗ್ರಾಮಸಭೆ ಠರಾವಿನ ಕರಡು ನಾಳೆ ಹಾಕ್ತೀನಿ, ಜಿಲ್ಲಾಧಿಕಾರಿಗೂ ಅಬಕಾರಿ ಇಲಾಖೆಗೂ ಕಳಿಸೋದು. ಸಹಿ ಮಾಡೋರು ಹೆಸರು ಕೊಡಿ, ಜಗಳ ಆಡೋರು ಬೇರೆ ಗ್ರೂಪ್ ನೋಡ್ಕೊಳ್ಳಿ.