ಮಣ್ಣಿನಿಂದ ಅಲ್ಯೂಮಿನಾ: ಆಸಿಡ್ ದ್ರಾವಣ ಸೋಸೋ ಬಗ್ಗೆ ಮೇಡಂ ಅವರನ್ನ ಕೇಳಿ

ಮಾಲೂರು ಹೆಂಚು: ಮೇಡಂ ನಮಸ್ಕಾರ. ಜೇಡಿಮಣ್ಣು ಸುಟ್ಟು, ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಕಾಯಿಸಿ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ತೆಗೆಯೋಕೆ ನೋಡ್ತಿದೀವಿ. ಸೋಸೋವಾಗ ಬಟ್ಟೆ ಕಟ್ಟಿಕೊಳ್ಳುತ್ತೆ, ಒಂದು ಬಕೆಟ್‌ಗೆ ಇಡೀ ದಿನ.

ಕೆಮಿಕಲ್ ಎಂಜಿನಿಯರ್, ತುಮಕೂರು: ಎಷ್ಟು ನುಣ್ಣಗೆ ಪುಡಿ ಮಾಡ್ತೀರಿ? ಎಲ್ಲಿ ಸುಡ್ತೀರಿ?

ಮಾಲೂರು ಹೆಂಚು: ಮೈದಾ ತರ. ಹೆಂಚಿನ ಗೂಡಲ್ಲೇ.

ಎಂಜಿನಿಯರ್: ಎರಡೂ ಎಡವಟ್ಟು. 700–750 ಡಿಗ್ರಿ ಸಾಕು. 1000ದ ಹತ್ತಿರ ಹೋದ್ರೆ ಅಲ್ಯೂಮಿನಾ ಆಸಿಡ್‌ಗೆ ಸುಲಭವಾಗಿ ಬರಲ್ಲ. ಮಣ್ಣನ್ನ ಕಲಸಿ ಕಡಲೆಕಾಳು ಗಾತ್ರದ ಉಂಡೆ ಕಟ್ಟಿ, ಒಣಗಿಸಿ ಸುಡಿ. ಪುಡಿ ಕಮ್ಮಿಯಾದಷ್ಟೂ ಬಟ್ಟೆ ಕಟ್ಟೋದು ಕಮ್ಮಿ. ದ್ರಾವಣ ಬಿಸಿ ಇರುವಾಗಲೇ ಮುಚ್ಚಿಟ್ಟು ತಿಳಿಯಾಗೋಕೆ ಬಿಡಿ, ತಿಳಿ ಬಸಿದು ಗಸಿ ಮಾತ್ರ ಬಟ್ಟೆಗೆ ಹಾಕಿ. ಪಾಲಿಪ್ರೊಪಿಲೀನ್ ಬಟ್ಟೆ. ಹತ್ತಿ, ನೈಲಾನ್ ಬೇಡ.

ಕೋಲಾರ ಎಂ.ಎಸ್‌ಸಿ: ಮೇಡಂ, ಲ್ಯಾಬಲ್ಲಿ ವಾಟ್‌ಮನ್ 42 ಫಿಲ್ಟರ್ ಪೇಪರಲ್ಲಿ ಇಳಿಯೋದೇ ಇಲ್ಲ.

ಎಂಜಿನಿಯರ್: ವಾಟ್‌ಮನ್ 541 ಹಾಕಿ.

ಗುಬ್ಬಿ: ಸೆಕೆಂಡ್ ಹ್ಯಾಂಡ್ ಫಿಲ್ಟರ್ ಪ್ರೆಸ್ (ಒತ್ತಿ ಸೋಸೋ ಯಂತ್ರ) ತುಮಕೂರಲ್ಲಿ ಸಿಗುತ್ತಾ?

ಗೌರಿಬಿದನೂರು: ಪಟಿಕ ಹಾಕಿದ್ರೆ ತಕ್ಷಣ ತಿಳಿ ಅಂತ ಫಾರ್ವರ್ಡ್ ಬಂದಿದೆ. ನುಗ್ಗೆ ಬೀಜನೂ ಆಗುತ್ತಂತೆ.

ಎಂಜಿನಿಯರ್: ಅದು ಕುಡಿಯೋ ನೀರಿಗೆ. ಇಷ್ಟು ಆಸಿಡ್‌ನಲ್ಲಿ ಪಟಿಕ ಸುಮ್ಮನೆ ಕರಗಿ ಕೂರುತ್ತೆ. ಅದರಲ್ಲಿರೋದೂ ಅಲ್ಯೂಮಿನಿಯಮ್ಮೇ, ತೆಗೆಯೋಕೆ ಹೊರಟಿದ್ದನ್ನ ನೀವೇ ಸುರೀತೀರಾ?

ಶಿರಾ: ಗಾಜಿನ ಮೇಲೆ ಡಿಸೈನ್ ಕೆತ್ತೋ ಆಸಿಡ್ ಸ್ವಲ್ಪ ಹಾಕಿದ್ರೆ ಮಣ್ಣಲ್ಲಿರೋ ಸಿಲಿಕಾ ಕರಗುತ್ತಂತೆ. ನಮ್ಮ ಹುಡುಗ ತಂದಿಟ್ಟಿದ್ದಾನೆ.

ಎಂಜಿನಿಯರ್: ಮುಟ್ಟಬೇಡಿ! ಬಾಟಲಿ ಈಗ ಎಲ್ಲಿದೆ? ಅದು ಹೈಡ್ರೋಫ್ಲೋರಿಕ್. ತೆಳುವಾಗಿದ್ರೆ ಮೈಗೆ ಬಿದ್ದಾಗ ಉರಿಯೋದೇ ಇಲ್ಲ, ಗಂಟೆಗಟ್ಟಲೆ ಆದ್ಮೇಲೆ ನೋವು ಶುರು. ಅಷ್ಟರಲ್ಲಿ ಒಳಗಿಳಿದು ಮೈಯ ಕ್ಯಾಲ್ಸಿಯಂ ಹಿಡಿದಿರುತ್ತೆ, ಹೃದಯವೇ ನಿಲ್ಲಬಹುದು. ಹನಿ ಬಿದ್ರೂ ತಕ್ಷಣ ನೀರಲ್ಲಿ ಚೆನ್ನಾಗಿ ತೊಳೆದು, ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಹಚ್ಚಿ, ನೋವಿಲ್ಲ ಅಂತ ಕೂರದೆ ಆಸ್ಪತ್ರೆಗೆ ಓಡಿ, ಡಾಕ್ಟರಿಗೆ ಆಸಿಡ್ ಹೆಸರು ಹೇಳಿ. ಇಷ್ಟಕ್ಕೂ ಲಾಭ? ಸೋಸಿ ಬಿಸಾಕಬೇಕಾದ ಸಿಲಿಕಾನೇ ಕರಗಿ ಅಲ್ಯೂಮಿನಾ ಜೊತೆ ಸೇರುತ್ತೆ. ಯಾವ ಪುಣ್ಯಾತ್ಮ ಬರೆದು ಹಂಚಿದ್ದು ಇದನ್ನ?

ಬಂಗಾರಪೇಟೆ: ಇಷ್ಟೆಲ್ಲ ಯಾಕೆ? ಬೆಳಗಾವಿಯಲ್ಲಿ ಬಾಕ್ಸೈಟ್ ಅದಿರಿಗೆ ಕಾಸ್ಟಿಕ್ ಸೋಡಾ ಹಾಕಿ ಆರಾಮಾಗಿ ತೆಗೀತಾರೆ.

ಮಾಲೂರು ಹೆಂಚು: ಬಾಕ್ಸೈಟ್ ನಿಮ್ಮ ಹಿತ್ತಲಲ್ಲಿ ಇದೆಯಾ? ನಮಗೆ ಸಿಗೋದು ಮಣ್ಣೇ.

ಬಂಗಾರಪೇಟೆ: ಮಣ್ಣು ತೆಗೆದು ತೆಗೆದು ಕೆರೆ ಗುಂಡಿ ಮಾಡಿದ್ದು ಸಾಲದು, ಆಸಿಡ್ ಗಸಿನೂ ಅಲ್ಲೇ ಸುರೀರಿ.

ಮಾಲೂರು ಹೆಂಚು: ಕೆರೆ ಬಗ್ಗೆ ನಿಮ್ಮಿಂದ ಪಾಠ ಬೇಡ. ಬೆಂಗಳೂರಿನ ಕೊಳಚೆ ಸಂಸ್ಕರಿಸಿದ ಕೆಸಿ ವ್ಯಾಲಿ ನೀರು ಕೆರೆಗೆ ಬಂದಾಗ ಎಲ್ಲಿದ್ರಿ?

ಚಿಂತಾಮಣಿ: ಮೇಡಂ, ಪಟಿಕ ಎಷ್ಟು ಗ್ರಾಂ ಹಾಕಬೇಕು?

ಎಂಜಿನಿಯರ್: ಮೇಲೆ ಓದಿ.

ಕೋಲಾರ ಎಂ.ಎಸ್‌ಸಿ: ಸೋಸಿದ್ದು ಹಳದಿ ಬರ್ತಿದೆ ಮೇಡಂ.

ಎಂಜಿನಿಯರ್: ಕಬ್ಬಿಣ. ಸೋಸಿದ್ರೆ ಹೋಗಲ್ಲ. ಶಿರಾದವರೇ, ಬಾಟಲಿ ಎಲ್ಲಿದೆ ಅಂತ ಕೇಳಿದ್ದೆ.

ಶಿರಾ: ಶೆಡ್ಡಲ್ಲಿ ಮೇಡಂ. ಹುಡುಗ ಊರಿಗೆ ಹೋಗಿದ್ದಾನೆ.

ಎಂಜಿನಿಯರ್: ಶೆಡ್ಡಿಗೆ ಬೀಗ ಹಾಕಿ, ಮಾರಿದವರನ್ನೇ ಕರೆಸಿ ವಾಪಸ್ ಕೊಡಿ. ಕೊಟ್ಟ ಮೇಲೆ ಇಲ್ಲಿ ಬರೀರಿ. ಅಲ್ಲೀವರೆಗೆ ಬೇರೆ ಯಾವ ಪ್ರಶ್ನೆಗೂ ಉತ್ತರ ಇಲ್ಲ.

ಗೌರಿಬಿದನೂರು: ನುಗ್ಗೆ ಬೀಜದ್ದು ಹೇಳಲೇ ಇಲ್ಲ.